ಎಂಟು ಜನರ ಹಬ್ಬದೂಟ: ಬಿಲ್ಲು ಎಲ್ಲಿ ಏರುತ್ತದೆ?

ಮೊಬೈಲ್ ಆ್ಯಪ್‌ನಲ್ಲಿ ಯಾವ ರೆಸ್ಟೋರೆಂಟಿನ ಪುಟ ತೆರೆದರೂ ಹೆಸರಿನ ಕೆಳಗೆ ‘ಇಬ್ಬರಿಗೆ 1,000 ರೂಪಾಯಿ’ ಎಂಬಂಥ ಒಂದು ಸಾಲು ಕಾಣುತ್ತದೆ. ದೀಪಾವಳಿಯ ರಾತ್ರಿ ಮನೆಮಂದಿಯನ್ನೆಲ್ಲ ಊಟಕ್ಕೆ ಹೊರಡಿಸುವವರು ಅದನ್ನು ನಾಲ್ಕರಿಂದ ಗುಣಿಸುತ್ತಾರೆ. ಎಂಟು ಜನ, ನಾಲ್ಕು ಸಾವಿರ, ಮುಗಿಯಿತು ಎಂದುಕೊಳ್ಳುತ್ತಾರೆ. ಮರಳಿ ಮನೆ ಸೇರುವ ಹೊತ್ತಿಗೆ ಆರು ಸಾವಿರ ದಾಟಿರುತ್ತದೆ. ಹೋಟೆಲಿನವರು ಮೋಸ ಮಾಡಿರುವುದಿಲ್ಲ. ಆ ಸಾಲಿನಲ್ಲಿ ಆಟೊ ಬಾಡಿಗೆ ಇಲ್ಲ, ಸರ್ವೀಸ್ ಚಾರ್ಜ್ ಇಲ್ಲ, ಮಕ್ಕಳು ಕೊನೆಯಲ್ಲಿ ಹಟ ಹಿಡಿದು ತರಿಸುವ ಐಸ್‌ಕ್ರೀಂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ‘ಇಬ್ಬರು’ ಎಷ್ಟು ತಿನ್ನುವವರು ಎಂಬುದು ಅಲ್ಲಿ ಇಲ್ಲ.

ಬೆಂಗಳೂರಿನ ಬನಶಂಕರಿಯಲ್ಲಿ ವಾಸವಿರುವ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಜ್ಜನಿಗೆ 74, ಅಜ್ಜಿಗೆ 70. ಮಗ, ಸೊಸೆ, ಹಬ್ಬಕ್ಕೆ ಬಂದಿರುವ ಮಗಳು, ಅಳಿಯ. 11 ವರ್ಷದ ಹುಡುಗ, 6 ವರ್ಷದ ಹುಡುಗಿ. ಒಟ್ಟು ಎಂಟು. ಅಜ್ಜನಿಗೆ ಸಕ್ಕರೆ ಕಾಯಿಲೆ, ಅಜ್ಜಿಗೆ ಮಂಡಿನೋವು. ಇಂಥ ಮನೆ ಊರಲ್ಲಿ ಸಾವಿರಾರು ಇವೆ. ಕೆಳಗಿನ ಪದಾರ್ಥಗಳ ದರಗಳೆಲ್ಲ ಲೆಕ್ಕಕ್ಕಾಗಿ ಹಿಡಿದ ಸುಮಾರು ದರಗಳು. ನಿಮ್ಮ ಬಡಾವಣೆಯ ಮೆನು ಕಾರ್ಡಿನಲ್ಲಿ ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು. ತೆರಿಗೆ, ಆಟೊ ಮೀಟರ್, ಕೋರ್ಟ್ ಆದೇಶ ಮಾತ್ರ ಇದ್ದದ್ದು ಇದ್ದ ಹಾಗೆ.

ತಲೆಗೋ, ತಟ್ಟೆಗೋ?

ಹಬ್ಬದ ರಾತ್ರಿಯ ಬಿಲ್ಲನ್ನು ತೀರ್ಮಾನಿಸುವ ಮೊದಲ ಪ್ರಶ್ನೆ ಇದು: ಹೋಟೆಲಿನವರು ತಲೆಗಿಷ್ಟು ಎಂದು ತೆಗೆದುಕೊಳ್ಳುತ್ತಾರೋ, ತರಿಸಿದ ತಟ್ಟೆಗಿಷ್ಟು ಎಂದು ತೆಗೆದುಕೊಳ್ಳುತ್ತಾರೋ? ಬಫೆ, ಬಾಳೆಲೆ ಊಟ, ಹಬ್ಬದ ವಿಶೇಷ ಥಾಲಿ ಇವೆಲ್ಲ ತಲೆ ಲೆಕ್ಕದವು. ಕಾರ್ಡ್ ನೋಡಿ ಆರ್ಡರ್ ಮಾಡುವ ಫ್ಯಾಮಿಲಿ ರೆಸ್ಟೋರೆಂಟ್ ತಟ್ಟೆ ಲೆಕ್ಕದ್ದು.

ತಟ್ಟೆ ಲೆಕ್ಕದ ಸಸ್ಯಾಹಾರಿ ರೆಸ್ಟೋರೆಂಟಿನಲ್ಲಿ ನಮ್ಮ ಎಂಟು ಜನ ಹೊಟ್ಟೆ ತುಂಬ ತಿಂದರೆ ಬಿಲ್ಲು ಹೀಗೆ ಬರುತ್ತದೆ:

ಸೂಪ್ 4, 140ರಂತೆ: 560
ಪನೀರ್ ಟಿಕ್ಕಾ 2 ಪ್ಲೇಟ್, 320ರಂತೆ: 640
ಗೋಬಿ ಮಂಚೂರಿ 1 ಪ್ಲೇಟ್: 240
ರೋಟಿ, ಕುಲ್ಚಾ 16, 45ರಂತೆ: 720
ಗ್ರೇವಿ 3, 300ರಂತೆ: 900
ವೆಜ್ ಬಿರಿಯಾನಿ 2, 280ರಂತೆ: 560
ಮೊಸರನ್ನ 2, 140ರಂತೆ: 280
ಲೈಮ್ ಸೋಡಾ 4, 110ರಂತೆ: 440
ಐಸ್‌ಕ್ರೀಂ, ಜಾಮೂನು 4, 160ರಂತೆ: 640
ಒಟ್ಟು: 4,980
ಜಿಎಸ್‌ಟಿ ಶೇ 5: 249
ಕೊಡಬೇಕಾದದ್ದು: 5,229 ರೂಪಾಯಿ

ತಲೆಗೆ 654 ಬಿತ್ತು. ಈ ಬಿಲ್ಲಿನಲ್ಲಿ ಗಮನಿಸಬೇಕಾದ ಒಂದೆರಡು ವಿಷಯಗಳಿವೆ. ಸೂಪ್ ಎಂಟಲ್ಲ, ನಾಲ್ಕು. ಬೆಂಗಳೂರಿನವರಿಗೆ ‘ಬೈ ಟು’ ಹೇಳಿಕೊಡಬೇಕಾಗಿಲ್ಲ. ಕಾಫಿಯಲ್ಲಿ ಶುರುವಾದ ಈ ಅಭ್ಯಾಸ ಸೂಪಿಗೂ ಬಂದಿದೆ, ಸಪ್ಲೈಯರೇ ‘ಫೋರ್ ಬೈ ಏಟಾ ಸರ್?’ ಎಂದು ಕೇಳುತ್ತಾನೆ. ಅಲ್ಲೇ 560 ರೂಪಾಯಿ ಉಳಿಯಿತು. ಇನ್ನು ಗ್ರೇವಿ. ಇಬ್ಬರಿಗೆ ಒಂದು ಎಂಬುದು ಸಪ್ಲೈಯರುಗಳ ಸಾಮಾನ್ಯ ಸಲಹೆ. ಆ ಪ್ರಕಾರ ನಾಲ್ಕು ಬರಬೇಕು. ಅಜ್ಜ ಅಜ್ಜಿ ತಲಾ ಒಂದು ರೋಟಿಗೆ ನಿಲ್ಲಿಸುವವರು, ಹುಡುಗಿ ಪನೀರ್ ಚೂರುಗಳನ್ನಷ್ಟೇ ಹೆಕ್ಕುವವಳು. ಅಲ್ಲಿಗೆ ಮೂರೇ ಸಾಕು. ನಾಲ್ಕನೆಯದು ಬೇಕೆನಿಸಿದರೆ ಹತ್ತು ನಿಮಿಷದಲ್ಲಿ ಬರುತ್ತದೆ. ಮೊದಲೇ ತರಿಸಿ ಉಳಿದರೆ ಪಾರ್ಸೆಲ್ ಡಬ್ಬದಲ್ಲಿ ಮನೆಗೆ ಬಂದು ಫ್ರಿಜ್ಜಿನಲ್ಲಿ ಎರಡು ದಿನ ಕೂರುತ್ತದೆ.

ಸ್ಟಾರ್ಟರ್ ವಿಷಯದಲ್ಲಿ ಮಾತ್ರ ಲೆಕ್ಕ ಸಲೀಸಲ್ಲ. ಪನೀರ್ ಟಿಕ್ಕಾ ಒಂದು ಪ್ಲೇಟಿನಲ್ಲಿ ಸಾಮಾನ್ಯವಾಗಿ ಆರು ತುಂಡು. ಜನ ಎಂಟು. ಒಂದೇ ಪ್ಲೇಟ್ ತರಿಸಿದರೆ ಇಬ್ಬರಿಗೆ ಇಲ್ಲ. ಆ ಇಬ್ಬರು ಯಾವಾಗಲೂ ಅಮ್ಮ ಮತ್ತು ಅಜ್ಜಿಯೇ ಆಗಿರುತ್ತಾರೆ. ಎರಡು ಪ್ಲೇಟ್ ತರಿಸಿದರೆ ನಾಲ್ಕು ತುಂಡು ಹೆಚ್ಚು, ಅವು ಹುಡುಗನ ಪಾಲು. ಪ್ಲೇಟಿಗೆ ಎಷ್ಟು ತುಂಡು ಎಂದು ಆರ್ಡರ್ ಕೊಡುವ ಮೊದಲೇ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಸಪ್ಲೈಯರನಿಗೆ ದಿನವೂ ಕೇಳಿ ರೂಢಿಯಾದ ಪ್ರಶ್ನೆ ಅದು.

ಈಗ ಅದೇ ಎಂಟು ಜನರನ್ನು ಬಫೆಗೆ ಕರೆದೊಯ್ಯಿರಿ. ಟೇಬಲ್ ನಡುವೆ ಕೆಂಡದ ಒಲೆ ಇಟ್ಟು ಕಡ್ಡಿಗೆ ಚುಚ್ಚಿದ ಸ್ಟಾರ್ಟರ್ ತಂದಿಡುವ ಬಗೆಯದು ಎಂದುಕೊಳ್ಳಿ. ಹಬ್ಬದ ದರ ದೊಡ್ಡವರಿಗೆ 1,100, ಚಿಕ್ಕ ಮಕ್ಕಳಿಗೆ ಅರ್ಧ. ಇಲ್ಲಿ ‘ಚಿಕ್ಕ’ ಎಂದರೆ ಎಷ್ಟು ವರ್ಷ ಎಂಬುದನ್ನು ಆಯಾ ಹೋಟೆಲೇ ಹೇಳುತ್ತದೆ. 11ರ ಹುಡುಗ ಅನೇಕ ಕಡೆ ಪೂರ್ತಿ ದರದವನು. ಅಂದರೆ ಏಳು ಪೂರ್ತಿ, ಒಂದು ಅರ್ಧ: 7,700 ಮತ್ತು 550, ಒಟ್ಟು 8,250. ಶೇ 5 ತೆರಿಗೆ ಸೇರಿ 8,662 ರೂಪಾಯಿ 50 ಪೈಸೆ. ತಟ್ಟೆ ಲೆಕ್ಕಕ್ಕಿಂತ 3,433 ರೂಪಾಯಿ ಜಾಸ್ತಿ.

ಈ ಹೆಚ್ಚುವರಿ ಹಣದ ದೊಡ್ಡ ಪಾಲು ಹೋದದ್ದು ಅಜ್ಜ, ಅಜ್ಜಿ ಮತ್ತು ಮೊಮ್ಮಗಳ ಹೆಸರಿನಲ್ಲಿ. ಮೂವರ ದರವೇ 2,750, ತೆರಿಗೆ ಸೇರಿ 2,887 ರೂಪಾಯಿ 50 ಪೈಸೆ. ಬಫೆಯ ಉದ್ದನೆಯ ಸಾಲಿನ ಮುಂದೆ ಅಜ್ಜಿ ಕುರ್ಚಿ ಬಿಟ್ಟು ಏಳುವುದಿಲ್ಲ. ಸಪ್ಲೈಯರ್ ಹುಡುಗ ಬಂದು ‘ಅಮ್ಮಾ, ಏನು ತಂದುಕೊಡ್ಲಿ?’ ಎನ್ನುತ್ತಾನೆ. ‘ಒಂಚೂರು ಮೊಸರನ್ನ ತಾರಪ್ಪ, ಉಪ್ಪಿನಕಾಯಿ ಇದ್ದರೆ ನೋಡು’ ಎನ್ನುತ್ತಾರೆ. ಅದು 1,155 ರೂಪಾಯಿಯ ಮೊಸರನ್ನ. ಅಜ್ಜ ಸಿಹಿತಿಂಡಿಗಳ ಕಡೆ ನೋಡಿ, ಸೊಸೆಯ ಮುಖ ನೋಡಿ, ಹಣ್ಣಿನ ಚೂರುಗಳಿಗೆ ತೃಪ್ತರಾಗುತ್ತಾರೆ.

ಹಾಗೆಂದು ಬಫೆ ಎಲ್ಲರಿಗೂ ನಷ್ಟದ ಬಾಬತ್ತಲ್ಲ. ಮೇಲಿನ ಕಾರ್ಡಿನ ದರದಲ್ಲೇ ನೋಡಿ: ಒಬ್ಬ ಯುವಕ ಒಂದು ಪ್ಲೇಟ್ ಪನೀರ್ ಟಿಕ್ಕಾ, ಒಂದು ಗ್ರೇವಿ, ಮೂರು ರೋಟಿ, ಅರ್ಧ ಬಿರಿಯಾನಿ, ಒಂದು ಐಸ್‌ಕ್ರೀಂ ಒಬ್ಬನೇ ಮುಗಿಸಿದರೆ 1,055 ರೂಪಾಯಿ ಆಗುತ್ತದೆ. ಇಷ್ಟು ತಿನ್ನುವವರಿಗೆ 1,100ರ ಬಫೆ ಸರಿಸಮ. ಎರಡನೇ ಸುತ್ತಿಗೆ ಹೋಗುವವರಿಗೆ ಲಾಭ. ಮಾಂಸಾಹಾರಿಗಳಾದರೆ ಇನ್ನೂ ಲಾಭ, ಏಕೆಂದರೆ ಕಾರ್ಡಿನಲ್ಲಿ ಚಿಕನ್, ಮಟನ್, ಮೀನಿನ ತಟ್ಟೆಗಳು ಪನೀರಿಗಿಂತ ದುಬಾರಿ. ಬಫೆಯಲ್ಲಿ ಸಸ್ಯಾಹಾರಿ, ಮಾಂಸಾಹಾರಿ ದರಗಳ ಅಂತರ ಅಷ್ಟಿರುವುದಿಲ್ಲ. ಕಾಲೇಜು ಹುಡುಗರ ಗುಂಪು, ಜಿಮ್ಮಿಗೆ ಹೋಗುವ ಅಣ್ಣತಮ್ಮಂದಿರು ಬಫೆಗೇ ಹೋಗಲಿ. ಎಂಟರಲ್ಲಿ ಮೂವರು ಕಡಿಮೆ ತಿನ್ನುವವರಿದ್ದರೆ ಬೇಡ.

ಬಾಳೆಲೆ ಹಬ್ಬದೂಟ? ತಲೆಗೆ 350 ಎಂದು ಹಿಡಿದರೆ ಎಂಟು ಎಲೆಗೆ 2,800, ತೆರಿಗೆ ಸೇರಿ 2,940. ಮೂರರಲ್ಲಿ ಅಗ್ಗದ್ದು ಇದೇ, ರುಚಿಯಲ್ಲೂ ಹಬ್ಬಕ್ಕೆ ಹತ್ತಿರದ್ದು. ತೊಡಕು ಏನೆಂದರೆ ಅದು ಹೆಚ್ಚಿನ ಕಡೆ ಮಧ್ಯಾಹ್ನದ ಬಾಬತ್ತು. 1924ರಲ್ಲಿ ಶುರುವಾದ ಎಂಟಿಆರ್ ಹೆಸರು ಮಾಡಿರುವುದು ಮಧ್ಯಾಹ್ನದ ಊಟಕ್ಕೆ. ಲಾಲ್‌ಬಾಗ್ ರಸ್ತೆಯ ಆ ಹೋಟೆಲಿಗೆ ಸೋಮವಾರ ರಜೆ ಬೇರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಅಲ್ಲಿ ತಿಂಡಿಯೇ ಹೊರತು ಊಟವಿಲ್ಲ. ಹಬ್ಬ ಯಾವ ವಾರ ಬಿದ್ದಿದೆ ಎಂದು ಪಂಚಾಂಗ ನೋಡುವವರು ಹೋಟೆಲಿನ ವಾರದ ರಜೆಯನ್ನೂ ನೋಡಿಕೊಳ್ಳಬೇಕು.

ಸ್ಟಾರ್ ಹೋಟೆಲಿನ ಲೆಕ್ಕವನ್ನೂ ಒಮ್ಮೆ ಹಾಕಿಬಿಡೋಣ. ದೊಡ್ಡವರಿಗೆ 2,200, ಇಬ್ಬರು ಮಕ್ಕಳಿಗೂ ಅರ್ಧ ದರ ಎಂದುಕೊಂಡರೆ 15,400. ಇಲ್ಲಿ ತೆರಿಗೆ ಶೇ 18. ಒಟ್ಟು 18,172 ರೂಪಾಯಿ. ತೆರಿಗೆಯೊಂದೇ 2,772, ಅಂದರೆ ಮೇಲಿನ ಫ್ಯಾಮಿಲಿ ರೆಸ್ಟೋರೆಂಟಿನ ಇಡೀ ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ. ಇದೇ ಊರಿನಲ್ಲಿ 2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನ ಊಟದ ದರ 10 ರೂಪಾಯಿ, ಎಂಟು ಜನಕ್ಕೆ 80. ಎರಡರ ನಡುವೆ 227 ಪಟ್ಟು ಅಂತರ.

ಐದೋ, ಹದಿನೆಂಟೋ?

ತೆರಿಗೆ ಹೀಗೆ ಬದಲಾಗುವುದು ಏಕೆ ಎಂದು ತಿಳಿದಿದ್ದರೆ ಹೋಟೆಲ್ ಆರಿಸುವುದು ಸುಲಭ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎ.ಸಿ ಇಲ್ಲದ ಹೋಟೆಲಿಗೆ ಶೇ 12, ಎ.ಸಿ ಇದ್ದರೆ ಶೇ 18 ಎಂದಿತ್ತು. ಅದೇ ವರ್ಷ ನವೆಂಬರ್ 15ರಿಂದ ಎರಡೂ ಶೇ 5ಕ್ಕೆ ಇಳಿದವು. ಬದಲಿಗೆ, ತಾನು ಕೊಂಡ ಸಾಮಗ್ರಿ, ಕಟ್ಟುವ ಬಾಡಿಗೆ ಇತ್ಯಾದಿಗಳ ಮೇಲೆ ತೆತ್ತ ತೆರಿಗೆಯನ್ನು ಹೋಟೆಲಿನವನು ವಜಾ ಮಾಡಿಕೊಳ್ಳುವಂತಿಲ್ಲ ಎಂದಾಯಿತು. ಆ ಹೊರೆ ಎಲ್ಲಿ ಹೋಗುತ್ತದೆ? ಮೆನು ಕಾರ್ಡಿನ ದರದೊಳಗೆ ಹೋಗಿ ಕೂರುತ್ತದೆ. ಬಿಲ್ಲಿನಲ್ಲಿ ಕಾಣುವ 249 ರೂಪಾಯಿಯೇ ನಾವು ಕೊಡುವ ಪೂರ್ತಿ ತೆರಿಗೆ ಎಂದುಕೊಳ್ಳುವ ಹಾಗಿಲ್ಲ.

ದುಬಾರಿ ಕೋಣೆಗಳ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಮಾತ್ರ ಶೇ 18 ಉಳಿಯಿತು. 2025ರ ಏಪ್ರಿಲ್ 1ರಿಂದ ನಿಯಮ ಹೀಗಿದೆ: ಹಿಂದಿನ ಹಣಕಾಸು ವರ್ಷದಲ್ಲಿ ಆ ಹೋಟೆಲು ಯಾವುದೇ ಕೋಣೆಯನ್ನು ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿಗೆ ಕೊಟ್ಟಿದ್ದರೆ, ಒಳಗಿನ ಊಟಕ್ಕೆ ಈ ವರ್ಷ ಶೇ 18. ನೀವು ಕೋಣೆ ಹಿಡಿಯುತ್ತೀರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಹೊರಗಿನಿಂದ ನೋಡಿದರೆ ಎರಡು ರೆಸ್ಟೋರೆಂಟುಗಳೂ ಒಂದೇ ದರ್ಜೆಯವು, ಕಾರ್ಡಿನ ದರವೂ ಒಂದೇ ಇರಬಹುದು. ಒಂದು ರಸ್ತೆ ಬದಿಯ ಸ್ವತಂತ್ರ ಕಟ್ಟಡದಲ್ಲಿದೆ, ಇನ್ನೊಂದು ಹೋಟೆಲಿನ ಲಾಬಿ ದಾಟಿ ಒಳಗಿದೆ. 5,000 ರೂಪಾಯಿಯ ಊಟ ಮೊದಲನೆಯದರಲ್ಲಿ 5,250, ಎರಡನೆಯದರಲ್ಲಿ 5,900. ಟೇಬಲ್ ಬುಕ್ ಮಾಡುವಾಗ ‘ತೆರಿಗೆ ಐದೋ, ಹದಿನೆಂಟೋ?’ ಎಂದು ಫೋನಿನಲ್ಲೇ ಕೇಳಿದರೆ ಆ 650 ರೂಪಾಯಿ ಎಲ್ಲಿಂದ ಬಂತು ಎಂದು ಆಮೇಲೆ ತಲೆ ಕೆರೆದುಕೊಳ್ಳಬೇಕಿಲ್ಲ.

ಬೀದಿ ಕೊನೆಯ ಸಣ್ಣ ಹೋಟೆಲಿನ ಬಿಲ್ಲಿನಲ್ಲಿ ತೆರಿಗೆಯ ಸಾಲೇ ಇಲ್ಲದಿರುವುದುಂಟು. ಅದು ಕಳ್ಳ ಬಿಲ್ಲೇ ಆಗಬೇಕೆಂದಿಲ್ಲ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ಮೀರದ ಹೋಟೆಲುಗಳಿಗೆ ಕಾಂಪೊಸಿಷನ್ ಯೋಜನೆ ಎಂಬುದಿದೆ. ಅದರಲ್ಲಿರುವವರು ವಹಿವಾಟಿನ ಶೇ 5ನ್ನು ತಮ್ಮ ಕೈಯಿಂದ ಕಟ್ಟುತ್ತಾರೆ, ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ತೆರಿಗೆ ಹಾಕಿರುವ ಬಿಲ್ಲಿನಲ್ಲಿ 15 ಅಂಕಿ, ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಕರ್ನಾಟಕದ ನೋಂದಣಿಯಾದರೆ ಅದು 29ರಿಂದ ಶುರುವಾಗುತ್ತದೆ. 2022ರ ಜನವರಿಯಿಂದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆಯೂ ಬಿಲ್ಲಿನ ಮೇಲೆ ಕಡ್ಡಾಯ.

ತೆರಿಗೆಯ ಮಾತು ಬಂದಾಗ ಪರೋಟಾದ ಕಥೆ ಬಿಡುವಂತಿಲ್ಲ. 2020ರಲ್ಲಿ ಬೆಂಗಳೂರಿನದೇ ಕಂಪನಿ ಐಡಿ ಫ್ರೆಶ್ ಫುಡ್‌ನ ಪ್ಯಾಕೆಟ್ ಪರೋಟಾ ರೊಟ್ಟಿಯ ಜಾತಿಗೆ ಸೇರುವುದಿಲ್ಲ, ಅದಕ್ಕೆ ಶೇ 18 ತೆರಿಗೆ ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಹೇಳಿ ದೇಶವೆಲ್ಲ ನಗಾಡಿತ್ತು. 2025ರ ಸೆಪ್ಟೆಂಬರ್ 22ರಿಂದ ಪ್ಯಾಕೆಟ್ ಪರೋಟಾ, ಚಪಾತಿ, ಪನೀರ್ ಮೂರಕ್ಕೂ ತೆರಿಗೆ ಸೊನ್ನೆ. ಅವೇ ಹೋಟೆಲಿನ ಟೇಬಲ್ಲಿಗೆ ಬಂದರೆ ಮೊದಲಿನಂತೆ ಶೇ 5, ಲಾಬಿ ದಾಟಿದರೆ 18.

ಸರ್ವೀಸ್ ಚಾರ್ಜ್ ಎಂಬ ಸಾಲು

ನಮ್ಮ 4,980ರ ಬಿಲ್ಲಿಗೆ ಶೇ 10 ಸರ್ವೀಸ್ ಚಾರ್ಜ್ ಸೇರಿದರೆ 498. ಅದರ ಮೇಲೂ ಜಿಎಸ್‌ಟಿ ಬೀಳುತ್ತದೆ, 24 ರೂಪಾಯಿ 90 ಪೈಸೆ. ಒಟ್ಟು 522 ರೂಪಾಯಿ 90 ಪೈಸೆ. ಶೇ 18ರ ಹೋಟೆಲಿನಲ್ಲಿ ಇದೇ ಸಾಲು 587 ರೂಪಾಯಿ 64 ಪೈಸೆ ಆಗುತ್ತದೆ.

ಇದನ್ನು ಕೊಡಲೇಬೇಕೆಂಬ ಕಾನೂನಿಲ್ಲ. ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಮಾಲೀಕರ ಎರಡು ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, ಅದೇ ತಿಂಗಳು ತಡೆಯಾಜ್ಞೆ ಸಿಕ್ಕಿತು. 2025ರ ಮಾರ್ಚ್ 28ರಂದು ಕೋರ್ಟು ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು, ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡವೆಚ್ಚವನ್ನೂ ಹಾಕಿತು. ಅಷ್ಟಾದರೂ ಕೆಲವು ಬಿಲ್ಲುಗಳಲ್ಲಿ ಆ ಸಾಲು ಸದ್ದಿಲ್ಲದೆ ಬಂದು ಕೂತಿರುತ್ತದೆ. ಹಬ್ಬದ ದಿನ, ಅತ್ತೆ ಮಾವನ ಎದುರು, ಐನೂರು ರೂಪಾಯಿಗೆ ಯಾರು ಬಾಯಿ ಮಾಡುತ್ತಾರೆ ಎಂಬ ಧೈರ್ಯ. ಬಾಯಿ ಮಾಡಬೇಕಾಗಿಯೂ ಇಲ್ಲ. ಬಿಲ್ಲನ್ನು ಗಲ್ಲಾದ ಹತ್ತಿರ ಒಯ್ದು ‘ಇದನ್ನು ತೆಗೆದು ಬೇರೆ ಬಿಲ್ ಕೊಡಿ’ ಎಂದರೆ ಸಾಕು. ಟೇಬಲ್ ನೋಡಿಕೊಂಡ ಹುಡುಗನಿಗೆ ಇನ್ನೂರು ರೂಪಾಯಿ ಟಿಪ್ಸ್ ಕೈಗೇ ಕೊಡಿ. ಅವನಿಗೆ ಪೂರ್ತಿ ತಲುಪುತ್ತದೆ, ನಿಮಗೂ ಮುನ್ನೂರಿಪ್ಪತ್ತು ಉಳಿಯುತ್ತದೆ.

ನೀರಿನ ಬಾಟಲಿಯ ವಿಷಯ ಬೇರೆ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರೆಂದು ಜಗಳಕ್ಕೆ ನಿಲ್ಲುವವರಿದ್ದಾರೆ. ಕೂತು ಉಣ್ಣುವ ಹೋಟೆಲು ಎಂಆರ್‌ಪಿ ಮೀರಿ ಮಾರಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ, ಆ ಜಗಳ ಗೆಲ್ಲುವಂಥದ್ದಲ್ಲ. ಕೂತ ಕೂಡಲೆ ‘ಬಾಟಲ್ ಬೇಡ, ಫಿಲ್ಟರ್ ನೀರು ಕೊಡಿ’ ಎನ್ನುವುದೇ ದಾರಿ. 50ರಂತೆ ಮೂರು ಬಾಟಲಿಯ 150 ರೂಪಾಯಿ ನಮ್ಮ ಬಿಲ್ಲಿನಲ್ಲಿ ಇಲ್ಲದಿರುವುದು ಅದಕ್ಕೇ.

ಆಟೊ ಮೀಟರಿನ ಮುಳ್ಳು

ಊರಿನ ಒಳ್ಳೆಯ ರೆಸ್ಟೋರೆಂಟೆಂದರೆ ಎಂ.ಜಿ. ರಸ್ತೆ, ಇಂದಿರಾನಗರದ ಕಡೆಯದೇ ಎಂಬ ನಂಬಿಕೆ ದಕ್ಷಿಣ ಬೆಂಗಳೂರಿನ ಅನೇಕ ಮನೆಗಳಲ್ಲಿದೆ. ಬನಶಂಕರಿಯಿಂದ ಎಂ.ಜಿ. ರಸ್ತೆಯ ಕಡೆಗೆ 9 ಕಿಲೋಮೀಟರ್ ಎಂದುಕೊಳ್ಳಿ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೊ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಮುಂದೆ ಕಿಲೋಮೀಟರಿಗೆ 18. ಹೀಗೆ 162 ಆಯಿತು. ಆಟೊದಲ್ಲಿ ಮೂವರಷ್ಟೇ ಕೂರಬೇಕು, ಎಂಟು ಜನಕ್ಕೆ ಮೂರು ಆಟೊ: 486. ರಾತ್ರಿ ಹತ್ತರ ನಂತರ ಮರಳಿದರೆ ಒಂದೂವರೆ ಪಟ್ಟು: 729. ಹೋಗಿಬರಲು 1,215 ರೂಪಾಯಿ. ಹತ್ತರೊಳಗೆ ಹೊರಟರೆ 972. ಇದೆಲ್ಲ ಚಾಲಕರು ಮೀಟರ್ ಹಾಕಿದರೆ ಎಂಬ ಮಾತಿನ ಮೇಲೆ ನಿಂತಿದೆ, ಹಬ್ಬದ ರಾತ್ರಿ ಆ ಮಾತಿಗೆ ಎಷ್ಟು ಬೆಲೆ ಎಂದು ಓದುಗರಿಗೆ ಗೊತ್ತು.

ಅದೇ ಕಾರ್ಡು, ಅದೇ ದರದ ರೆಸ್ಟೋರೆಂಟು ಎರಡು ಕಿಲೋಮೀಟರಿನೊಳಗೆ ಗಾಂಧಿ ಬಜಾರ್ ಅಥವಾ ಜಯನಗರದ ಕಡೆ ಸಿಕ್ಕರೆ ಮೂರು ಆಟೊಗೆ ಹೋಗಿಬರಲು 216. ಮನೆ ಬಾಗಿಲಿನಿಂದ ಮನೆ ಬಾಗಿಲಿನವರೆಗಿನ ಲೆಕ್ಕ ಹೀಗಾಯಿತು: ಹತ್ತಿರದಲ್ಲಿ 5,445. ದೂರ ಹೋಗಿ ತಡವಾಗಿ ಬಂದರೆ 6,444. ದೂರ ಹೋಗಿ, ತಡವಾಗಿ ಬಂದು, ಸರ್ವೀಸ್ ಚಾರ್ಜನ್ನೂ ಸುಮ್ಮನೆ ಕೊಟ್ಟು ಬಂದರೆ 6,967. ತಿಂದದ್ದು ಮೂರರಲ್ಲೂ ಒಂದೇ.

ಮೆಟ್ರೊ ಅಗ್ಗ ಎನ್ನುವವರಿದ್ದಾರೆ. 2025ರ ಫೆಬ್ರುವರಿಯ ಪರಿಷ್ಕರಣೆಯ ಬಳಿಕ ಕನಿಷ್ಠ 10, ಗರಿಷ್ಠ 90 ರೂಪಾಯಿ ಆಗಿದೆ. ಒಬ್ಬರಿಗೆ 50 ಎಂದು ಹಿಡಿದರೂ ಎಂಟು ಜನ ಹೋಗಿಬರಲು 800. ಹತ್ತರೊಳಗಿನ ಆಟೊಗಿಂತ 172 ರೂಪಾಯಿ ಮಾತ್ರ ಕಡಿಮೆ. ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಬೇಕು. ಅಜ್ಜಿಯ ಮಂಡಿಗೆ ಅಲ್ಲಿನ ಮೆಟ್ಟಿಲು, ಜನಸಂದಣಿ 172ಕ್ಕಿಂತ ದುಬಾರಿ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಎಂಟರಲ್ಲಿ ನಾಲ್ವರು ಪುಕ್ಕಟೆ. ಮಧ್ಯಾಹ್ನದ ಬಾಳೆಲೆ ಊಟಕ್ಕೆ ಹೊರಟಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ.

ಮನೆಗೇ ತರಿಸಿದರೆ ಆಟೊ ಖರ್ಚು ಉಳಿಯುತ್ತದೆ ನಿಜ. ಆದರೆ ಆ್ಯಪ್‌ನಲ್ಲಿನ ದರ ಹೋಟೆಲಿನ ಕಾರ್ಡಿಗಿಂತ ಹೆಚ್ಚಿರುವುದು ಸಾಮಾನ್ಯ, ಪ್ಯಾಕಿಂಗಿಗೆ ಬೇರೆ, ತಲುಪಿಸುವ ಶುಲ್ಕದ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ 18 ಜಿಎಸ್‌ಟಿ ಬೇರೆ. ಪಾತ್ರೆ ತೊಳೆಯುವುದು ಯಥಾಪ್ರಕಾರ ಮನೆಯವರ ಪಾಲಿಗೆ.

ಆರೂಮುಕ್ಕಾಲರ ಟೇಬಲ್

ದೀಪಾವಳಿಯ ರಾತ್ರಿ ಊಟದ ಹೊತ್ತನ್ನು ಅರ್ಧ ಸುಪ್ರೀಂ ಕೋರ್ಟೇ ಗೊತ್ತುಮಾಡಿಬಿಟ್ಟಿದೆ. ದೀಪಾವಳಿಯಂದು ಪಟಾಕಿ ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದು 2018ರ ಅಕ್ಟೋಬರ್‌ನಲ್ಲಿ ಕೋರ್ಟು ಹೇಳಿತು. ರಾಜ್ಯದಲ್ಲೂ ಆ ಹೊತ್ತೇ ಜಾರಿಯಲ್ಲಿದೆ. ಮಕ್ಕಳಿರುವ ಮನೆಯವರು ಎಂಟೂವರೆಗೆ ರೆಸ್ಟೋರೆಂಟಿನ ಬಾಗಿಲಲ್ಲಿ ನಿಂತರೆ ಪಟಾಕಿಯೂ ಇಲ್ಲ, ಟೇಬಲ್ಲೂ ಇಲ್ಲ. ಆರೂಮುಕ್ಕಾಲಿಗೆ ಕೂತರೆ ಎಂಟೂಕಾಲಿಗೆ ಊಟ ಮುಗಿಯುತ್ತದೆ. ಎಂಟೂವರೆಗೆ ಮನೆ, ಸುರುಸುರುಬತ್ತಿಗೆ ಒಂದೂವರೆ ಗಂಟೆ ಬಾಕಿ. ಆಟೊದ ರಾತ್ರಿ ದರವೂ ತಪ್ಪಿತು. ಅಜ್ಜನ ರಾತ್ರಿ ಮಾತ್ರೆಯೂ ಹೊತ್ತಿಗೆ ಸರಿಯಾಗಿ ಬಿತ್ತು.

ಎಂಟು ಜನಕ್ಕೆ ಕಾಯುವಿಕೆ ಜಾಸ್ತಿ, ಅದಕ್ಕೆ ಕಾರಣವಿದೆ. ಹೆಚ್ಚಿನ ರೆಸ್ಟೋರೆಂಟುಗಳಲ್ಲಿ ಟೇಬಲ್ ಇರುವುದು ನಾಲ್ವರದು. ಎಂಟು ಜನ ಎಂದರೆ ಅಕ್ಕಪಕ್ಕದ ಎರಡು ಟೇಬಲ್ ಒಟ್ಟಿಗೇ ಖಾಲಿಯಾಗಬೇಕು. ಒಂದು ಖಾಲಿಯಾಗಿ ಇನ್ನೊಂದರಲ್ಲಿ ಐಸ್‌ಕ್ರೀಂ ನಡೆಯುತ್ತಿದ್ದರೆ, ಮ್ಯಾನೇಜರ್ ಖಾಲಿ ಟೇಬಲ್ಲಿಗೆ ಹಿಂದೆ ನಿಂತಿರುವ ನಾಲ್ವರನ್ನು ಕಳಿಸಿಬಿಡುತ್ತಾನೆ. ಅವನ ದೃಷ್ಟಿಯಲ್ಲಿ ಅದು ಸರಿ, ಹಬ್ಬದ ರಾತ್ರಿ ಖಾಲಿ ಕುರ್ಚಿ ಎಂದರೆ ನಷ್ಟ. ‘ನಾಲ್ಕು, ನಾಲ್ಕು ಆದರೂ ಆಗುತ್ತೆ, ಅಕ್ಕಪಕ್ಕ ಕೊಡಿ’ ಎಂದು ಮೊದಲೇ ಹೇಳಿದರೆ ಕಾಯುವುದು ಕಡಿಮೆಯಾಗುತ್ತದೆ. ಒಂದು ಟೇಬಲ್ಲಿನಲ್ಲಿ ದೊಡ್ಡವರು, ಒಂದರಲ್ಲಿ ಮಕ್ಕಳ ಜೊತೆ ಅತ್ತೆ ಮಾವ ಕೂತರೆ ಗಲಾಟೆಯೂ ಕಡಿಮೆ.

ಇನ್ನೊಂದು ಅಂಕಿ ಯಾವ ಆ್ಯಪ್‌ನಲ್ಲೂ ಕಾಣುವುದಿಲ್ಲ, ಮೆಟ್ಟಿಲು. ಹಳೆಯ ಬಡಾವಣೆಗಳ ಎಷ್ಟೋ ಫ್ಯಾಮಿಲಿ ರೆಸ್ಟೋರೆಂಟುಗಳು ಮೊದಲ ಮಹಡಿಯಲ್ಲಿವೆ, ಕೆಳಗೆ ಬಟ್ಟೆ ಅಂಗಡಿ ಅಥವಾ ಬೇಕರಿ. 11 ಅಡಿ ಎತ್ತರದ ಮಹಡಿಗೆ ಆರೂವರೆ ಇಂಚಿನ ಮೆಟ್ಟಿಲಾದರೆ ಇಪ್ಪತ್ತು ಮೆಟ್ಟಿಲು. ಹತ್ತುವುದು ಇಪ್ಪತ್ತು, ಹೊಟ್ಟೆ ತುಂಬಿಸಿಕೊಂಡು ಇಳಿಯುವುದು ಇಪ್ಪತ್ತು. ಲಿಫ್ಟ್ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ಎರಡನ್ನೂ ಕೇಳಿ. ನನ್ನ ಮಟ್ಟಿಗೆ ಹೋಟೆಲ್ ಆರಿಸುವಾಗ ಮೊದಲ ಜರಡಿ ಇದೇ. ರುಚಿ, ದರ ಎಲ್ಲ ಆಮೇಲೆ.

ಆ್ಯಪ್‌ಗಳ ರಿಯಾಯಿತಿಯನ್ನು ನಂಬಬಹುದೇ? ಶೇ 20 ಸಿಕ್ಕರೆ ನಮ್ಮ 4,980 ಇಳಿದು 3,984 ಆಗುತ್ತದೆ, ತೆರಿಗೆ ಸೇರಿ 4,183. ಸಾವಿರ ರೂಪಾಯಿ ಉಳಿತಾಯ, ಕಡೆಗಣಿಸುವ ಮೊತ್ತವಲ್ಲ. ಆದರೆ ‘ಹಬ್ಬದ ದಿನ ಅನ್ವಯಿಸದು’, ‘ಬಫೆಗೆ ಅನ್ವಯಿಸದು’, ‘ಗರಿಷ್ಠ ಇಷ್ಟು ಜನಕ್ಕೆ’ ಎಂಬ ಷರತ್ತುಗಳು ಸಣ್ಣ ಅಕ್ಷರದಲ್ಲಿ ಇರುವುದುಂಟು. ಕೆಲವು ರೆಸ್ಟೋರೆಂಟುಗಳು ಹಬ್ಬದಂದು ಕಾರ್ಡನ್ನೇ ಒಳಗಿಟ್ಟು ಬಫೆ ಮಾತ್ರ ಇಡುತ್ತವೆ. ಅಡುಗೆಮನೆಯ ಹುಡುಗರಲ್ಲಿ ಕುಂದಾಪುರದ ಕಡೆಯವರೂ ಒಡಿಶಾ, ಅಸ್ಸಾಮಿನವರೂ ಇರುತ್ತಾರೆ, ಹಬ್ಬಕ್ಕೆ ಅವರಲ್ಲೂ ಕೆಲವರು ಊರಿಗೆ ಹೋಗಿರುತ್ತಾರೆ. ಉಳಿದ ಕೈಗಳಲ್ಲಿ ನೂರು ಬಗೆಯ ಕಾರ್ಡ್ ನಡೆಸುವುದು ಕಷ್ಟ. ಅಂಥ ದಿನ ತಂದೂರಿ, ಬಿರಿಯಾನಿಯಂಥ ದಿನವೂ ಓಡುವ ಪದಾರ್ಥಗಳನ್ನೇ ಹೇಳುವುದು ಒಳ್ಳೆಯದು.

ದರ ಏಕೆ ಏರುತ್ತಲೇ ಇರುತ್ತದೆ ಎಂಬುದಕ್ಕೂ ಎರಡು ಮಾತು. ಹೋಟೆಲಿನವರು ಉರಿಸುವ 19 ಕಿಲೋದ ವಾಣಿಜ್ಯ ಸಿಲಿಂಡರಿನ ದರವನ್ನು ತೈಲ ಕಂಪನಿಗಳು ಸಾಮಾನ್ಯವಾಗಿ ತಿಂಗಳ ಮೊದಲ ದಿನ ಪರಿಷ್ಕರಿಸುತ್ತವೆ. ನಂದಿನಿ ಹಾಲು 2025ರ ಏಪ್ರಿಲ್ 1ರಂದು ಲೀಟರಿಗೆ 4 ರೂಪಾಯಿ ಏರಿತು. ಕಾರ್ಡಿನ ಮೇಲೆ ಸ್ಟಿಕ್ಕರ್ ಅಂಟಿಸಿ ದರ ತಿದ್ದಿರುವುದನ್ನು ಕಂಡು ಮುಖ ಸಿಂಡರಿಸುವ ಮೊದಲು ಹಳೆಯದೊಂದನ್ನು ನೆನೆಯಬಹುದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ದರವನ್ನು ಸರ್ಕಾರ ಬಹಳ ಕೆಳಗೆ ಕಟ್ಟಿಹಾಕಿತ್ತು. ಆ ದರದಲ್ಲಿ ತನ್ನ ಗುಣಮಟ್ಟ ಉಳಿಸಿಕೊಳ್ಳಲಾರದೆ ಎಂಟಿಆರ್ ಹೋಟೆಲ್ ಮುಚ್ಚಿ ಪ್ಯಾಕೆಟ್ ಪುಡಿ, ಮಿಕ್ಸ್‌ಗಳ ವ್ಯಾಪಾರಕ್ಕೆ ಹೊರಳಿತು. ದರ ತೀರ ಇಳಿದಾಗ ಗಿರಾಕಿಗೆ ಸಿಕ್ಕಿದ್ದು ಅಗ್ಗದ ಇಡ್ಲಿಯಲ್ಲ, ಮುಚ್ಚಿದ ಬಾಗಿಲು.

ನಮ್ಮ ಬನಶಂಕರಿಯ ಎಂಟು ಜನಕ್ಕೆ ನನ್ನ ತೀರ್ಪು ಇಷ್ಟು: ಎರಡು ಕಿಲೋಮೀಟರಿನೊಳಗೆ, ನೆಲಮಹಡಿಯಲ್ಲಿ ಅಥವಾ ಲಿಫ್ಟ್ ಇರುವ ಕಡೆ, ಶೇ 5 ತೆರಿಗೆಯ, ತಟ್ಟೆ ಲೆಕ್ಕದ ರೆಸ್ಟೋರೆಂಟು, ಆರೂಮುಕ್ಕಾಲರ ಟೇಬಲ್. ಬಜೆಟ್ 5,500, ಮೇಲೆ ಟಿಪ್ಸಿಗೆ ಇನ್ನೂರು. ನಿಮ್ಮ ಮನೆಯಲ್ಲಿ ಎಂಟೂ ಜನ ಹರೆಯದವರಾದರೆ ಬಫೆಗೆ ಹೋಗಿ. ಯಾವುದಕ್ಕೇ ಹೋದರೂ ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಕೇಳಿದರೂ ಸರ್ವೀಸ್ ಚಾರ್ಜ್ ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.